ಸೊಂಟದ ನೋವು, ರಕ್ತದ ಚರಿತ್ರೆ

ಮಂಡಿನೋವು, ಸೊಂಟನೋವು ಎಂದರೆ ಮುಪ್ಪಿನ ಕಾಯಿಲೆ ಎಂಬುದು ನಮ್ಮಲ್ಲಿ ರೂಢಿಯ ಮಾತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆ ಹೊಗೆಸೊಪ್ಪಿನ ಹೊಲದಲ್ಲಿ, ಭತ್ತದ ಗದ್ದೆಯಲ್ಲಿ ಬಗ್ಗಿ ದುಡಿದು ಸವೆದ ಕೀಲುಗಳ ಮಟ್ಟಿಗೆ ಅದು ಬಹುಪಾಲು ನಿಜವೂ ಹೌದು. ಆದರೆ ಎಚ್.ಡಿ. ಕೋಟೆಯ ಹಾಡಿಯಲ್ಲಿ ಇಪ್ಪತ್ತೈದು ತುಂಬದ ಹುಡುಗನೊಬ್ಬ ಕುಂಟತೊಡಗಿದರೆ? ಆಗ ಕೀಲಿನ ಜೊತೆಗೆ ರಕ್ತವನ್ನೂ ಪರೀಕ್ಷಿಸಬೇಕು.

1910ರಲ್ಲಿ ಶಿಕಾಗೋದ ವೈದ್ಯ ಜೇಮ್ಸ್ ಹೆರಿಕ್, ರೋಗಿಯೊಬ್ಬನ ರಕ್ತದಲ್ಲಿ ಕುಡುಗೋಲಿನಂತೆ ಬಾಗಿದ ಕೆಂಪುಕಣಗಳನ್ನು ಕಂಡು ವರದಿ ಮಾಡಿದರು. 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ಅಂಥದೇ ಕಣಗಳನ್ನು ನೀಲಗಿರಿಯ ಆದಿವಾಸಿಗಳಲ್ಲಿ ಗುರುತಿಸಿದರು. ನೀಲಗಿರಿ, ವಯನಾಡು, ಕೋಟೆ ಒಂದಕ್ಕೊಂದು ಹೊಂದಿಕೊಂಡ ಕಾಡುಗಳು. ಗಡಿ ಎಳೆದದ್ದು ಸರ್ಕಾರಗಳು. ರಕ್ತಕ್ಕೆ ಆ ಗಡಿ ಗೊತ್ತಿಲ್ಲ.

ಈ ಗುಣ ಶಾಪವಾಗಿ ಬಂದದ್ದಲ್ಲ. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಇದನ್ನು ಪಡೆದವರಿಗೆ ಮಾರಕ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ ಎಂದು 1954ರಲ್ಲಿ ಆಂಥೊನಿ ಆಲಿಸನ್ ತೋರಿಸಿದರು. ಚಳಿಜ್ವರದ ಕಾಡಿನಲ್ಲಿ ಪೂರ್ವಜರನ್ನು ಕಾಯ್ದ ಗುಣವದು. ಇಬ್ಬರಿಂದಲೂ ಬಂದಾಗ ಮಾತ್ರ ಅದು ಕಾಯಿಲೆಯಾಗುತ್ತದೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ತೊಡೆಮೂಳೆಯ ತಲೆಗೆ ರಕ್ತ ತಲುಪದೆ ಮೂಳೆ ಸಾಯುತ್ತದೆ, ಕ್ರಮೇಣ ಕುಸಿಯುತ್ತದೆ. ನೋವು ಕೆಲವೊಮ್ಮೆ ಮಂಡಿಯಲ್ಲಿ ಕಾಣಿಸಿಕೊಂಡು ದಾರಿ ತಪ್ಪಿಸುವುದೂ ಉಂಟು.

ಕುಸಿದ ಕೀಲಿಗೆ ದಾರಿ ತೋರಿಸಿದ್ದು ಇಂಗ್ಲೆಂಡಿನ ಜಾನ್ ಚಾರ್ನ್ಲಿ. ಲೋಹದ ಸಣ್ಣ ಗುಂಡು, ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲು, ಎರಡನ್ನೂ ಮೂಳೆಗೆ ಕೂರಿಸುವ ಸಿಮೆಂಟು: 1962ರಲ್ಲಿ ಅವರು ಹೀಗೆ ರೂಪಿಸಿದ ಕೃತಕ ಕೀಲೇ ಇಂದಿನ ಶಸ್ತ್ರಚಿಕಿತ್ಸೆಗೆ ತಳಹದಿ. ಆದರೆ ಕುಡುಗೋಲು ಕಣದ ರೋಗಿಗೆ ಇದು ಸುಲಭದ ಚಿಕಿತ್ಸೆಯಲ್ಲ. ಸೋಂಕಿನ ಭಯ ಹೆಚ್ಚು, ರಕ್ತ ಕೊಟ್ಟು ಮೊದಲೇ ಸಿದ್ಧಗೊಳಿಸಬೇಕಾಗಬಹುದು. ಹರೆಯದಲ್ಲೇ ಹಾಕಿದ ಕೀಲು ಮುಂದೆ ಸವೆದು, ಮತ್ತೆ ಬದಲಿಸಬೇಕಾಗಿ ಬರಬಹುದು.

ಇನ್ನು ಹಾಡಿಯ ಬದುಕು. ಕಬಿನಿ ಜಲಾಶಯ, ಬಂಡೀಪುರ, ನಾಗರಹೊಳೆಯ ವನ್ಯಜೀವಿ ಯೋಜನೆಗಳು ಕಾಡಿನ ಜನರನ್ನು ಹೊರಗೆ ತಂದವು. ಕೊಡಗಿನ ಕಾಫಿ ತೋಟ, ಶುಂಠಿ ಹೊಲಗಳ ಕೂಲಿಯೇ ಹಲವರಿಗೆ ಗತಿಯಾಯಿತು. ಕೂಲಿಗೆ ಬೇಕಾದದ್ದು ಎರಡು ಗಟ್ಟಿ ಕಾಲು. ಸೊಂಟ ಕುಸಿದರೆ ಮನೆಯ ಒಲೆಯೂ ಆರುತ್ತದೆ.

ಕುಡುಗೋಲು ಕಣ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ ಆರಂಭವಾದದ್ದು 2023ರ ಜುಲೈನಲ್ಲಿ. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಅದರ ಗುರಿ. ಪಕ್ಕದ ಬೆಟ್ಟದಲ್ಲಿ ಕಾರಣ ಪತ್ತೆಯಾಗಿ ಅಷ್ಟು ಹೊತ್ತಿಗೆ 71 ವರ್ಷ ಕಳೆದಿತ್ತು. ಬೇಗ ತಿಳಿದ ಮಗುವಿಗೆ ಔಷಧಿಯಿದೆ, ಎಚ್ಚರಿಕೆಯಿದೆ, ಅನೇಕ ಸಲ ಮೂಳೆ ಕುಸಿಯುವ ಮುನ್ನ ಸಮಯವೂ ಇದೆ. ಹಾಗೆಂದು ಪರೀಕ್ಷೆಯ ಚೀಟಿ ಮದುವೆಯ ಮಾತುಕತೆಯಲ್ಲಿ ಕಳಂಕದ ಪತ್ರವಾಗಬಾರದು. ಕೃತಕ ಕೀಲು ವಿಜ್ಞಾನದ ಗೆಲುವೇ ಸರಿ. ಆದರೆ ಅದು ಬೇಕಾಗದಂತೆ ನೋಡಿಕೊಳ್ಳುವುದು ಸಮಾಜದ ಗೆಲುವು.