ಸಸ್ಯ ಅಕ್ವೇರಿಯಂನಲ್ಲಿ ಪಾಚಿ ಮತ್ತು ಅದರ ನಿಯಂತ್ರಣ

ಜಲಸಸ್ಯಗಳನ್ನು ನೆಟ್ಟು ಬೆಳೆಸುವ ಸಿಹಿನೀರಿನ ಅಕ್ವೇರಿಯಂನಲ್ಲಿ ಗಾಜು, ಎಲೆ, ಕಲ್ಲು, ಮರದ ತುಂಡುಗಳ ಮೇಲೆ ಹತ್ತುವ ಅಥವಾ ನೀರಿನಲ್ಲೇ ತೇಲಿ ಬೆಳೆಯುವ ಶೈವಲಗಳಿಗೂ ಅವುಗಳಂತೆ ಕಾಣುವ ಕೆಲವು ಬ್ಯಾಕ್ಟೀರಿಯಗಳಿಗೂ ಪಾಚಿ ಎಂಬ ಒಂದೇ ಹೆಸರು ಬಳಕೆಯಲ್ಲಿದೆ. ಹೊಸ ಗಿಡ, ಮೀನು, ನೀರು, ಗಾಳಿ ಎಲ್ಲದರ ಜೊತೆಗೂ ಇವುಗಳ ಬೀಜಕಗಳು ತೊಟ್ಟಿಗೆ ಬರುತ್ತಲೇ ಇರುತ್ತವೆ. ಆದ್ದರಿಂದ ಪಾಚಿಯ ನಿರ್ಮೂಲನ ಆಗದ ಮಾತು. ಕಣ್ಣಿಗೆ ಬೀಳದಷ್ಟರ ಮಟ್ಟಿಗೆ ಹಿಡಿದಿಡಬಹುದು. ಗಿಡಗಳು ಹುಲುಸಾಗಿರುವಲ್ಲಿ ಪಾಚಿ ವಿರಳ, ಅವು ಸೊರಗಿದಲ್ಲಿ ಹೇರಳ ಎಂಬ ಅನುಭವ ಈ ಹವ್ಯಾಸದಷ್ಟೇ ಹಳೆಯದು. ಅದಕ್ಕೆ ಕಾರಣ ಯಾವುದು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ಇತಿಹಾಸ

ದಾಖಲೆಯಿರುವ ಆರಂಭದ ಸಸ್ಯ ಅಕ್ವೇರಿಯಂಗಳಲ್ಲೊಂದರಲ್ಲೇ ಈ ತೊಂದರೆ ಕಾಣಿಸಿಕೊಂಡಿತ್ತು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1849ರಲ್ಲಿ 12 ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಗೆ ಮರಳು, ಕೆಸರು, ಕಲ್ಲು ಹಾಕಿ ವ್ಯಾಲಿಸ್ನೇರಿಯ ಗಿಡ ನೆಟ್ಟು, ಎರಡು ಗೋಲ್ಡ್‌ಫಿಶ್ ಬಿಟ್ಟರು. ಮೀನು ಉಸಿರಿನಲ್ಲಿ ಬಿಡುವುದನ್ನು ಗಿಡ ಬಳಸಿಕೊಂಡು, ಗಿಡ ಬಿಡುವ ಆಮ್ಲಜನಕ ಮೀನಿಗೆ ಸಲ್ಲುವುದೇ ಎಂದು ನೋಡುವುದು ಅವರ ಉದ್ದೇಶ. ಕೆಲಕಾಲ ಎಲ್ಲವೂ ಸರಿಯಾಗಿತ್ತು. ಬಳಿಕ ವ್ಯಾಲಿಸ್ನೇರಿಯದ ಹಳೆಯ ಎಲೆಗಳು ಕೊಳೆಯತೊಡಗಿ ನೀರು ಕದಡಿತು, ಲೋಳೆ ಹರಡಿತು. ವಾರಿಂಗ್ಟನ್ ಕೆರೆಯ ಬಸವನಹುಳುಗಳನ್ನು ತಂದು ಬಿಟ್ಟರು. ಅವು ಕೊಳೆತದ್ದನ್ನೂ ಲೋಳೆಯನ್ನೂ ತಿಂದು ಮುಗಿಸಿದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು. 1850ರಲ್ಲಿ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರು ಇದನ್ನು ಪ್ರಕಟಿಸಿದರು. ಈ ಪ್ರಬಂಧವನ್ನು ಸಾಮಾನ್ಯವಾಗಿ ಪ್ರಾಣಿ-ಸಸ್ಯಗಳ ಪರಸ್ಪರ ಪೋಷಣೆಗೆ ಸಾಕ್ಷಿಯೆಂದು ಉಲ್ಲೇಖಿಸುತ್ತಾರೆ. ಗಿಡದ ಎಲೆ ಕೊಳೆತಾಗಲೇ ಲೋಳೆ ಕಾಣಿಸಿಕೊಂಡಿತು ಎಂಬ ಅದರೊಳಗಿನ ಗಮನಿಕೆಯೂ ಅಷ್ಟೇ ಬೆಲೆಯುಳ್ಳದ್ದು.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಜಪಾನಿನ ನೀಗಾಟದ ತಕಾಶಿ ಅಮಾನೊ (1954–2015) ಸಸ್ಯ ಅಕ್ವೇರಿಯಂಗೆ ಉದ್ಯಾನಕಲೆಯ ಸ್ಥಾನ ತಂದುಕೊಟ್ಟರು. ಕೂದಲಿನಂಥ ಪಾಚಿಯನ್ನು ಮೇಯುವ ಕ್ಯಾರಿಡಿನ ಮಲ್ಟಿಡೆಂಟಾಟ ಎಂಬ ಸಣ್ಣ ಸೀಗಡಿಯನ್ನು ಬಳಕೆಗೆ ತಂದವರೂ ಅವರೇ. ಇಂದು ಅದನ್ನು ಲೋಕವೆಲ್ಲ ಅಮಾನೊ ಸೀಗಡಿ ಎಂದೇ ಕರೆಯುತ್ತದೆ.

ರಂಜಕದ ವಾದ

ಪಾಚಿಗೆ ಕಾರಣ ನೀರಿನಲ್ಲಿರುವ ಹೆಚ್ಚುವರಿ ರಂಜಕ ಎಂಬ ನಂಬಿಕೆ ಸರೋವರ ವಿಜ್ಞಾನದಿಂದ ಬಂದದ್ದು. ಕೆನಡಾದ ಒಂಟಾರಿಯೊದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 226ನೆಯ ಸಂಖ್ಯೆಯ ಸರೋವರವನ್ನು ಪರದೆಯಿಂದ ಎರಡು ಭಾಗ ಮಾಡಿ 1973ರಲ್ಲಿ ಒಂದು ಪ್ರಯೋಗ ನಡೆಸಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕ ಬೆರೆಸಿದರು. ಇನ್ನೊಂದಕ್ಕೆ ಅವೆರಡರೊಂದಿಗೆ ರಂಜಕವನ್ನೂ ಬೆರೆಸಿದರು. ರಂಜಕ ಬಿದ್ದ ಭಾಗದಲ್ಲಿ ಮಾತ್ರ ನೀಲಿ-ಹಸಿರು ಪಾಚಿ ಉಕ್ಕಿತು. ಕೊಳಚೆಯ ರಂಜಕ ಸೇರಿ ಕೆಟ್ಟ ಬೆಂಗಳೂರಿನ ಕೆರೆಗಳನ್ನು ಕಂಡವರಿಗೆ ಈ ನಂಟನ್ನು ವಿವರಿಸಬೇಕಾಗಿಲ್ಲ.

1990ರ ದಶಕದಲ್ಲಿ ಪಾಲ್ ಸಿಯರ್ಸ್ ಮತ್ತು ಕೆವಿನ್ ಕಾನ್ಲಿನ್ ಇದೇ ತತ್ತ್ವವನ್ನು ತೊಟ್ಟಿಗೆ ಅನ್ವಯಿಸಿದರು. ನೈಟ್ರೇಟ್, ಪೊಟ್ಯಾಸಿಯಂ ಮತ್ತು ಲೇಶಧಾತುಗಳನ್ನು ಧಾರಾಳವಾಗಿ ಕೊಟ್ಟು ರಂಜಕವನ್ನು ಮಾತ್ರ ಕೊರತೆಯಲ್ಲಿಟ್ಟರೆ ಗಿಡಗಳೇ ಪಾಚಿಯನ್ನು ಹಿಂದಿಕ್ಕುತ್ತವೆ ಎಂಬುದು ಅವರ ಸಲಹೆ. ಅನೇಕರಿಗೆ ಅದು ಫಲ ಕೊಟ್ಟಿತು. ಆದರೆ ಅಮೆರಿಕದ ಟಾಮ್ ಬಾರ್ ರಂಜಕವನ್ನು ಬೇಕೆಂದೇ ಸುರಿದು ನೋಡಿ, ಗಿಡ ದಟ್ಟವಾಗಿದ್ದು ಇಂಗಾಲದ ಡೈಆಕ್ಸೈಡ್ ಸಾಕಷ್ಟಿದ್ದರೆ ಪಾಚಿ ಹೆಚ್ಚುವುದಿಲ್ಲ ಎಂದು ತೋರಿಸಿದರು. ಪೋಷಕಗಳನ್ನು ಬೇಕಾದ್ದಕ್ಕಿಂತ ತುಸು ಹೆಚ್ಚಾಗಿಯೇ ಹಾಕಿ, ವಾರಕ್ಕೊಮ್ಮೆ ಅರ್ಧ ನೀರು ಬದಲಿಸುವ ಅವರ ಪದ್ಧತಿ ಈಗ ವ್ಯಾಪಕವಾಗಿದೆ. ಗಾಜಿನ ಮೇಲಿನ ಗಟ್ಟಿ ಹಸಿರು ಚುಕ್ಕೆಗಳಂತೂ ರಂಜಕ ಹೆಚ್ಚಿಸಿದಾಗ ಕಡಿಮೆಯಾಗುತ್ತವೆ ಎಂಬುದು ಬಹಳ ಜನರ ಅನುಭವ.

ಶಿಂಡ್ಲರ್ ಕಂಡದ್ದೂ ಬಾರ್ ಕಂಡದ್ದೂ ಪರಸ್ಪರ ವಿರುದ್ಧವೆಂದು ತೋರಿದರೂ ಹಾಗೇನಿಲ್ಲ. ಶಿಂಡ್ಲರ್ ನೋಡಿದ್ದು ತೇಲುವ ಪಾಚಿಯ ಸರೋವರ. ಆಳವಿಲ್ಲದ ಕೆರೆಗಳು ಪೋಷಕದ ಮಟ್ಟ ಒಂದೇ ಇರುವಾಗಲೂ ಗಿಡ ತುಂಬಿದ ತಿಳಿನೀರಾಗಿ ಇಲ್ಲವೇ ಪಾಚಿಗಟ್ಟಿದ ಕದಡು ನೀರಾಗಿ, ಎರಡರಲ್ಲೊಂದು ಸ್ಥಿತಿಯಲ್ಲಿ ನೆಲೆ ನಿಲ್ಲಬಲ್ಲವು ಎಂದು ಡಚ್ ಪರಿಸರ ವಿಜ್ಞಾನಿ ಮಾರ್ಟೆನ್ ಶೆಫರ್ ತಂಡ 1993ರಲ್ಲಿ ವಾದಿಸಿತು. ತೊಟ್ಟಿಗೆ ಹೆಚ್ಚು ಹೊಂದುವುದು ಈ ಮಾದರಿ. ನೀರಿನ ಪರೀಕ್ಷೆಯಲ್ಲಿ ಬರುವ ರಂಜಕದ ಅಂಕಿಗಿಂತ ಗಿಡಗಳ ಸ್ಥಿತಿಯನ್ನು ನೋಡುವುದೇ ಸರಿ.

ಬೆಳಕು ಮತ್ತು ಇಂಗಾಲ

ಅನಿಲಗಳು ನೀರಿನಲ್ಲಿ ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತವೆ. ಎಲೆಯ ಸುತ್ತ ನಿಂತ ನೀರಿನ ತೆಳುಪದರವನ್ನು ದಾಟಿ ಇಂಗಾಲದ ಡೈಆಕ್ಸೈಡ್ ಒಳಗೆ ಹೋಗಬೇಕಾದ್ದರಿಂದ ದೊಡ್ಡ ಎಲೆಯ ಗಿಡಕ್ಕೆ ಮೊದಲು ತಟ್ಟುವುದು ಅದರ ಕೊರತೆಯೇ. ಸೂಕ್ಷ್ಮವಾದ ಪಾಚಿಗೆ ಈ ಕಷ್ಟ ಕಡಿಮೆ. ಬೆಳಕು ಹೆಚ್ಚಿದಷ್ಟೂ ಗಿಡದ ಬೇಡಿಕೆ ಹೆಚ್ಚುತ್ತದೆ. ಅದನ್ನು ಪೂರೈಸಲಾಗದಿದ್ದರೆ ಎಲೆಗಳು ನವೆದು ಸಾವಯವ ಪದಾರ್ಥವನ್ನು ನೀರಿಗೆ ಬಿಡುತ್ತವೆ, ಪಾಚಿ ಅಲ್ಲೇ ಹತ್ತುತ್ತದೆ. ಆದ್ದರಿಂದ ಪಾಚಿ ಕಂಡಾಗ ಮೊದಲು ತಗ್ಗಿಸಬೇಕಾದದ್ದು ಬೆಳಕನ್ನು. ದಿನಕ್ಕೆ 6ರಿಂದ 8 ಗಂಟೆ ಸಾಕು. ಕಿಟಕಿಯ ನೇರ ಬಿಸಿಲು ಬೇಡ. ಸಿಲಿಂಡರಿನಿಂದ ಅನಿಲ ಬಿಡುವವರು ಲೀಟರಿಗೆ ಸುಮಾರು 30 ಮಿಲಿಗ್ರಾಂ ಮಟ್ಟವನ್ನು ಗುರಿಯಾಗಿಟ್ಟುಕೊಳ್ಳುತ್ತಾರೆ. ಅದಕ್ಕಿಂತ ಬಹಳ ಮೇಲೆ ಹೋದರೆ ಮೀನು ಮೇಲ್ಮೈಗೆ ಬಂದು ಬಾಯಿ ಬಿಡುತ್ತವೆ.

ಬೆಚ್ಚಗಿನ ನೀರಿನಲ್ಲಿ ಅನಿಲ ಕಡಿಮೆ ಕರಗುತ್ತದೆ, ಗಿಡದ ಉಸಿರಾಟವೋ ಹೆಚ್ಚುತ್ತದೆ. ಕರಾವಳಿಯ ಬೇಸಿಗೆಯಲ್ಲಿ ನೀರು 30 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಮಂಗಳೂರಿನ ತೊಟ್ಟಿಗೆ ಬೆಂಗಳೂರಿನದಕ್ಕಿಂತ ಕಡಿಮೆ ಬೆಳಕನ್ನೇ ಇಡಬೇಕಾಗುತ್ತದೆ.

ಮುಖ್ಯ ಬಗೆಗಳು

ಹೊಸ ತೊಟ್ಟಿಯಲ್ಲಿ ಕಂದು ಪುಡಿಯಂತೆ ಕೂರುವುದು ಡಯಾಟಂ. ಒರೆಸಿದರೆ ಹೋಗುತ್ತದೆ, ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ನೀರೇ ಹಸಿರಾದರೆ ಏಕಕೋಶ ಪಾಚಿ. ಅದಕ್ಕೆ ಅತಿನೇರಳೆ ದೀಪದ ಫಿಲ್ಟರ್ ಮದ್ದು. ಎಳೆ ಪಾಚಿಗಳಲ್ಲಿ ಸ್ಪೈರೋಗೈರ, ಈಡೊಗೋನಿಯಂ, ಕ್ಲಾಡೊಫೊರ ಮುಖ್ಯ. ಕೈಯಿಂದ ಸುತ್ತಿ ತೆಗೆದು ಸೀಗಡಿ ಬಿಡುವುದೇ ಇವಕ್ಕೆ ದಾರಿ.

ಅಕ್ವೇರಿಯಂ ಸಾಕುವವರನ್ನು ಹೆಚ್ಚು ಕಾಡುವುದು ಎಲೆಯಂಚಿನಲ್ಲಿ, ಫಿಲ್ಟರಿನ ಬಾಯಲ್ಲಿ ಕುಚ್ಚಿನಂತೆ ಬೆಳೆಯುವ ಕಪ್ಪು ಪಾಚಿ. ಕಪ್ಪಾಗಿ ಕಂಡರೂ ಇದು ಕೆಂಪು ಶೈವಲಗಳ ಗುಂಪಿಗೆ ಸೇರಿದ್ದು. ಒಂದು ಕುಚ್ಚನ್ನು ಸ್ಪಿರಿಟ್‌ನಲ್ಲಿ ಅದ್ದಿಟ್ಟರೆ ಹಸಿರು ವರ್ಣಕ ಕರಗಿ ಕೆಂಪು ಉಳಿಯುತ್ತದೆ. ಈ ಗುಂಪಿನ ಬಹುಪಾಲು ಪ್ರಭೇದಗಳು ಸಮುದ್ರದವು. ಸಿಹಿನೀರಿನವು ಹೆಚ್ಚಾಗಿ ಹರಿಯುವ ತೊರೆಗಳಲ್ಲಿವೆ. ತೊಟ್ಟಿಯದನ್ನು ಆಡೂಯಿನೆಲ್ಲಾ ಎಂದು ಗುರುತಿಸುವುದು ರೂಢಿ. ಆದರೆ ಹಾಗೆ ಹೆಸರಿಟ್ಟ ಎಷ್ಟೋ ಮಾದರಿಗಳು ಬ್ಯಾಟ್ರಕೋಸ್ಪರ್ಮಮ್‌ನಂಥ ಬೇರೆ ಶೈವಲಗಳ ಜೀವನಚಕ್ರದ ಶಾಂಟ್ರಾನ್ಸಿಯ ಹಂತವೆಂದು ತಿಳಿದುಬಂದಿರುವುದರಿಂದ ಸೂಕ್ಷ್ಮದರ್ಶಕವಿಲ್ಲದೆ ಕುಲದ ಹೆಸರು ಹೇಳುವುದು ಸಲ್ಲ. ತೊರೆಯ ಕೆಂಪು ಶೈವಲಗಳಲ್ಲಿ ಹಲವು ಬೈಕಾರ್ಬೊನೇಟನ್ನು ಬಳಸಲಾರದೆ ಕರಗಿದ ಇಂಗಾಲದ ಡೈಆಕ್ಸೈಡನ್ನೇ ನೆಚ್ಚಿರುತ್ತವೆ. ಹರಿವಿರುವ ಕಡೆಯಲ್ಲೇ ಕಪ್ಪು ಕುಚ್ಚು ಹತ್ತುವುದಕ್ಕೂ, ಅನಿಲದ ಮಟ್ಟ ದಿನದಿನಕ್ಕೆ ಏರಿಳಿದಾಗ ಹೆಚ್ಚುವುದಕ್ಕೂ ಇದು ಕಾರಣವಿರಬಹುದು. ಆದರೆ ಕೊಳವೆಬಾವಿಯ ಗಡಸು ನೀರಿನ, ಅನಿಲವನ್ನೇ ಬಿಡದ ತೊಟ್ಟಿಗಳಲ್ಲೂ ಇದು ಬರುವುದರಿಂದ ಈ ವಿವರಣೆ ಪೂರ್ಣವಲ್ಲ. ಹಿಡಿದ ಎಲೆಗಳನ್ನು ಕತ್ತರಿಸಿ, ಫಿಲ್ಟರಿನ ಕೊಳೆ ತೆಗೆದು, ಅನಿಲದ ಮಟ್ಟವನ್ನು ಸ್ಥಿರವಾಗಿಟ್ಟರೆ ಸಾಮಾನ್ಯವಾಗಿ ಹಿಂದೆ ಸರಿಯುತ್ತದೆ. ಶೇ 3ರ ಹೈಡ್ರೋಜನ್ ಪೆರಾಕ್ಸೈಡನ್ನು ಸಿರಿಂಜಿನಲ್ಲಿ ಅದೇ ಜಾಗಕ್ಕೆ ಬಿಟ್ಟರೆ ಕುಚ್ಚು ಕೆಂಪಾಗಿ ಸಾಯುತ್ತದೆ. ಗ್ಲುಟರಾಲ್ಡಿಹೈಡ್ ದ್ರಾವಣಗಳೂ ಕೊಲ್ಲುತ್ತವೆ, ಆದರೆ ವ್ಯಾಲಿಸ್ನೇರಿಯ ಅವನ್ನು ತಾಳುವುದಿಲ್ಲ.

ಹಾಳೆಯಂತೆ ಏಳುವ, ಕೆಟ್ಟ ವಾಸನೆಯ ನೀಲಿ-ಹಸಿರು ಲೋಳೆ ಶೈವಲವಲ್ಲ, ಸಯನೋಬ್ಯಾಕ್ಟೀರಿಯ. ಹೀರಿ ತೆಗೆದು ಮೂರು ದಿನ ತೊಟ್ಟಿಗೆ ಪೂರ್ತಿ ಕತ್ತಲು ಮಾಡಿದರೆ ಬಹುಮಟ್ಟಿಗೆ ಹೋಗುತ್ತದೆ. ಎರಿತ್ರೊಮೈಸಿನ್ ಮಾತ್ರೆ ಹಾಕುವ ರೂಢಿಯೂ ಇದೆ. ಅದು ಕೆಲಸ ಮಾಡುತ್ತದೆ, ಆದರೆ ಮನುಷ್ಯರ ಪ್ರತಿಜೀವಕವನ್ನು ಚರಂಡಿಗೆ ಸುರಿಯುವುದು ಔಷಧನಿರೋಧಕ ಬ್ಯಾಕ್ಟೀರಿಯಗಳನ್ನು ಬೆಳೆಸಿದಂತೆ.

ಪಾಚಿ ಮೇಯುವ ಪ್ರಾಣಿಗಳು

ಸೀಗಡಿ, ನೆರೈಟ್ ಬಸವನಹುಳು, ಆಟೊಸಿಂಕ್ಲಸ್ ಮೀನು ಪರಿಣಾಮಕಾರಿ. ಇವಿರುವ ತೊಟ್ಟಿಗೆ ತಾಮ್ರ ಬೆರೆತ ಪಾಚಿನಾಶಕ ಹಾಕಿದರೆ ಸೀಗಡಿ, ಹುಳುಗಳು ಸಾಯುತ್ತವೆ. ಅಂಗಡಿಗಳಲ್ಲಿ ಪಾಚಿ ತಿನ್ನುತ್ತದೆಂದು ಮಾರುವ ಸಕ್ಕರ್ ಮೀನು ಸಸ್ಯ ತೊಟ್ಟಿಗೆ ತಕ್ಕುದಲ್ಲ. ಅದು ಅಡಿಗಟ್ಟಲೆ ಬೆಳೆದು ಗಿಡ ಕಿತ್ತು ಹಾಕುತ್ತದೆ. ದಕ್ಷಿಣ ಅಮೆರಿಕದ ಈ ಮೀನು ಹೀಗೆ ಬೇಡವಾಗಿ ಹೊರಬಿದ್ದು ದಕ್ಷಿಣ ಭಾರತದ ಕೆರೆ-ನದಿಗಳಲ್ಲಿ ನೆಲೆಯೂರಿದೆ, ಬೆಸ್ತರ ಬಲೆಗಳನ್ನು ಹರಿಯುತ್ತಿದೆ. ತೊಟ್ಟಿಯ ಮೀನನ್ನಾಗಲಿ ಗಿಡವನ್ನಾಗಲಿ ಕೆರೆಗೆ ಬಿಡಬಾರದು. ಸಾಕಲಾಗದಿದ್ದರೆ ಅಂಗಡಿಗೋ ಇನ್ನೊಬ್ಬ ಹವ್ಯಾಸಿಗೋ ಕೊಡಬೇಕು.