ಸರಕಾರಿ ಸಂಬಳದ ಪತ್ತೇದಾರ

ಪತ್ತೇದಾರ ಎಂದೊಡನೆ ನಮ್ಮ ಹಿರಿಯ ಓದುಗರಿಗೆ ಎನ್. ನರಸಿಂಹಯ್ಯನವರ ಪುರುಷೋತ್ತಮ ನೆನಪಾಗಬಹುದು, ಇಂಗ್ಲಿಷ್ ಓದಿದವರಿಗೆ ಷರ್ಲಾಕ್ ಹೋಮ್ಸ್. ಇಂಥವರಿಗೆ ರಜೆಯ ಅರ್ಜಿ ಬರೆಯುವ ಕಷ್ಟವಿಲ್ಲ, ಮೇಲಧಿಕಾರಿಯ ಟಿಪ್ಪಣಿಗೆ ವಿವರಣೆ ಕೊಡುವ ಹಂಗೂ ಇಲ್ಲ. ಸ್ವೀಡನ್ ದೇಶದ ಪತ್ತೇದಾರ ಬೇರೆಯೇ ಜಾತಿಯವನು. ಅವನು ತಿಂಗಳ ಸಂಬಳ ಎಣಿಸುವ ಸರಕಾರಿ ನೌಕರ. ಹೊಟ್ಟೆ ಕೆಟ್ಟಿರುತ್ತದೆ, ಸಂಸಾರ ಅಷ್ಟಕ್ಕಷ್ಟೆ, ಮೇಜಿನ ಮೇಲೆ ಕಡತಗಳ ರಾಶಿ. ಸ್ವೀಡಿಷ್ ದೂರದರ್ಶನದ ಅಪರಾಧ ಕಥೆಗಳನ್ನು ಈಗ ನಮ್ಮ ಮನೆಯ ಮಕ್ಕಳೂ ಇಂಗ್ಲಿಷ್ ಅಡಿಬರಹದ ಸಹಾಯದಿಂದ ನೋಡುತ್ತಾರೆ. ಆ ನೌಕರ ಎಲ್ಲಿಂದ ಬಂದ, ಪುಸ್ತಕದಿಂದ ಪರದೆಗೆ ಬರುವ ದಾರಿಯಲ್ಲಿ ಏನನ್ನು ಕಳೆದುಕೊಂಡ ಎಂಬುದು ತಿಳಿಯತಕ್ಕ ವಿಷಯ.

1965ರ ಜನವರಿ 1ರಂದು ಸ್ವೀಡನ್ನಿನ ಪೋಲೀಸ್ ಇಲಾಖೆ ಸ್ಥಳೀಯ ಸಂಸ್ಥೆಗಳ ಕೈಯಿಂದ ಸರಕಾರದ ಕೈಗೆ ಬಂತು. ಅದೇ ವರ್ಷ ಮಾಯ್ ಶೋವಾಲ್ ಮತ್ತು ಪೆರ್ ವಾಲೋ ಎಂಬ ಪತ್ರಕರ್ತ ಜೋಡಿ ‘ರೊಸಾನ’ ಎಂಬ ಕಾದಂಬರಿಯನ್ನು ಹೊರತಂದಿತು. ಮಕ್ಕಳನ್ನು ಮಲಗಿಸಿದ ಮೇಲೆ ರಾತ್ರಿ ಕೂತು ಒಂದು ಅಧ್ಯಾಯ ಆಕೆ, ಒಂದು ಅಧ್ಯಾಯ ಆತ, ಹೀಗೆ ಬರೆದರಂತೆ. ಒಟ್ಟು 10 ಪುಸ್ತಕ, ತಲಾ 30 ಅಧ್ಯಾಯ. ಇಡೀ ಮಾಲೆಗೆ ಕೊಟ್ಟ ಹೆಸರು ‘ಒಂದು ಅಪರಾಧದ ಕಾದಂಬರಿ’. ಇಬ್ಬರೂ ಎಡಪಂಥೀಯರು. ತೊಟ್ಟಿಲಿನಿಂದ ಮಸಣದವರೆಗೆ ಪ್ರಜೆಯನ್ನು ನೋಡಿಕೊಳ್ಳುವೆನೆಂದು ಮಾತು ಕೊಟ್ಟ ಕಲ್ಯಾಣ ರಾಜ್ಯ ತನ್ನ ಬಡವರಿಗೂ ಒಂಟಿ ಜೀವಗಳಿಗೂ ಬಗೆದ ದ್ರೋಹವೇ ಅವರ ದೃಷ್ಟಿಯಲ್ಲಿ ಆ ಅಪರಾಧ. ಅದನ್ನು ಬಯಲಿಗೆಳೆಯಲು ಆ ರಾಜ್ಯದ ನೌಕರನನ್ನೇ, ಸ್ಟಾಕ್‌ಹೋಮಿನ ಪೋಲೀಸ್ ಅಧಿಕಾರಿ ಮಾರ್ಟಿನ್ ಬೆಕ್‌ನನ್ನೇ ಆರಿಸಿಕೊಂಡದ್ದು ಜಾಣತನ.

‘ರೊಸಾನ’ದಲ್ಲಿ ಕಾಲುವೆಯ ಹೂಳೆತ್ತುವಾಗ ಒಬ್ಬ ಹೆಂಗಸಿನ ಶವ ಸಿಗುತ್ತದೆ. ಅವಳು ಅಮೆರಿಕದಿಂದ ಬಂದ ಪ್ರವಾಸಿ ಎಂದು ತಿಳಿಯುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ದೋಣಿಯಲ್ಲಿ ಅವಳ ಜೊತೆ ಪಯಣಿಸಿದವರು ನಾನಾ ದೇಶಗಳಿಗೆ ಚದುರಿಹೋಗಿದ್ದಾರೆ. ಅವರಿಗೆಲ್ಲ ಬರೆದು, ತೆಗೆದ ಫೋಟೋಗಳನ್ನು ತರಿಸಿಕೊಂಡು, ಒಂದೊಂದಾಗಿ ನೋಡುತ್ತಾ ಕೂರಬೇಕು. ಕಾಲೇಜಿನಲ್ಲಿ ವಿಜ್ಞಾನ ಓದಿ ಆಮೇಲೆ ಗುಮಾಸ್ತನಾದ ನನ್ನಂಥವನಿಗೆ ಈ ನಿಧಾನವೇ ರುಚಿ. ಪ್ರಯೋಗಶಾಲೆಯ ತಾಳ್ಮೆ, ಕಚೇರಿಯ ತಾಳ್ಮೆ, ಎರಡೂ ಅಲ್ಲಿವೆ.

ಈ ಪುಸ್ತಕಗಳು ಪರದೆಗೆ ಬಂದದ್ದು ಮೊದಲು ಸಿನಿಮಾದ ಮೂಲಕ. 1967ರಲ್ಲೇ ‘ರೊಸಾನ’ ಚಿತ್ರವಾಯಿತು. ನಿಜವಾಗಿ ಮನಸ್ಸು ಕಲಕುವುದು 1976ರಲ್ಲಿ ಬೂ ವಿಡರ್‌ಬರ್ಗ್ ನಿರ್ದೇಶಿಸಿದ ‘ಛಾವಣಿಯ ಮೇಲಿನ ಮನುಷ್ಯ’. ಆಸ್ಪತ್ರೆಯಲ್ಲಿ ಮಲಗಿದ್ದ ಒಬ್ಬ ಪೋಲೀಸ್ ಅಧಿಕಾರಿಯ ಕೊಲೆಯಾಗುತ್ತದೆ. ಬೆಕ್ ಹಳೆಯ ಕಡತ ತೆಗೆಸುತ್ತಾನೆ. ಸತ್ತವನ ಕ್ರೌರ್ಯದ ಬಗ್ಗೆ ಸಾರ್ವಜನಿಕರು ಕೊಟ್ಟ ದೂರುಗಳು ಒಂದರ ಮೇಲೊಂದು. ಒಂದಕ್ಕಾದರೂ ಕ್ರಮವಿಲ್ಲ, ಎಲ್ಲವನ್ನೂ ಮುಚ್ಚಿಹಾಕಲಾಗಿದೆ. ಕೊಲೆಗಾರನೂ ಹಿಂದೆ ಪೋಲೀಸನೇ. ಅವನ ಹೆಂಡತಿ ಸಿಹಿಮೂತ್ರ ರೋಗದವಳು. ಔಷಧಿಯಿಲ್ಲದೆ ತೂರಾಡುತ್ತಿದ್ದವಳನ್ನು ಕುಡಿದಿದ್ದಾಳೆಂದು ಠಾಣೆಗೆ ಹಾಕಿದರು. ಅವಳು ಅಲ್ಲೇ ಸತ್ತಳು. ಈಗ ಅವನು ಬಂದೂಕು ಹಿಡಿದು ಛಾವಣಿ ಹತ್ತಿದ್ದಾನೆ, ಸಮವಸ್ತ್ರ ಕಂಡಲ್ಲಿ ಗುಂಡು ಹಾರಿಸುತ್ತಿದ್ದಾನೆ. ಹೆಲಿಕಾಪ್ಟರು ನಗರದ ಚೌಕಕ್ಕೆ ಉರುಳಿ ಬೀಳುವ ದೃಶ್ಯವನ್ನೇ ಜನ ಹೆಚ್ಚಾಗಿ ನೆನೆಯುತ್ತಾರೆ. ನನಗೆ ನೆನಪುಳಿದದ್ದು ಆ ದೂರು ಅರ್ಜಿಗಳು. ಅರ್ಜಿಗೆ ‘ಕ್ರಮ ಅನಗತ್ಯ’ ಎಂದು ಬರೆಯುವ ಕೈ ಎಷ್ಟು ಹಗುರ ಎಂಬುದು ಕಚೇರಿಯಲ್ಲಿ ಕೂತವನಿಗೆ ಗೊತ್ತು.

ಪೆರ್ ವಾಲೋ 1975ರ ಜೂನ್‌ನಲ್ಲಿ, 48ನೆಯ ವಯಸ್ಸಿನಲ್ಲಿ ತೀರಿಕೊಂಡ. ಅದೇ ವರ್ಷ ಬಂದ ಹತ್ತನೆಯ ಪುಸ್ತಕದಲ್ಲಿ, ಎಲ್ಲ ಕಚೇರಿಗಳ ಬಾಗಿಲು ತಟ್ಟಿ ಸೋತ ಒಬ್ಬ ಹುಡುಗಿ ಪ್ರಧಾನಮಂತ್ರಿಯನ್ನು ಗುಂಡಿಟ್ಟು ಕೊಲ್ಲುತ್ತಾಳೆ. ಅತಿಯಾಯಿತು ಎಂದು ಓದುಗರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ 1986ರ ಫೆಬ್ರವರಿ 28ರ ರಾತ್ರಿ, ಸಿನಿಮಾ ನೋಡಿ ಹೆಂಡತಿಯೊಡನೆ ನಡೆದು ಹೋಗುತ್ತಿದ್ದ ಪ್ರಧಾನಿ ಓಲೋಫ್ ಪಾಲ್ಮೆ ಸ್ಟಾಕ್‌ಹೋಮಿನ ಬೀದಿಯಲ್ಲಿ ಗುಂಡಿಗೆ ಬಲಿಯಾದರು. 34 ವರ್ಷ ತನಿಖೆ ನಡೆಸಿ, 2020ರಲ್ಲಿ ಆಗಲೇ ಸತ್ತಿದ್ದ ಒಬ್ಬನನ್ನು ಶಂಕಿತನೆಂದು ಹೆಸರಿಸಿ ಕಡತ ಮುಚ್ಚಿದರು. ಬೆಕ್‌ನಂಥವನೊಬ್ಬ ಇದ್ದಿದ್ದರೆ ಎಂದು ಸ್ವೀಡನ್ನಿನ ಜನ ಹಂಬಲಿಸಿರಬೇಕು.

1990ರ ದಶಕದಲ್ಲಿ ಆ ಹಂಬಲಕ್ಕೆ ಒದಗಿದ್ದು ಟಿ.ವಿ. ಅಲ್ಲಿಯವರೆಗೆ ಆ ದೇಶದ ಪ್ರಧಾನ ವಾಹಿನಿಗಳು ಎರಡೇ, ಅವುಗಳಲ್ಲಿ ಜಾಹೀರಾತಿಲ್ಲ. ಆ ಹೊತ್ತಿಗೆ ಜಾಹೀರಾತಿನ ವಾಹಿನಿಯೂ ಬಂತು. ಪ್ರೇಕ್ಷಕನನ್ನು ಹಿಡಿದು ಕೂರಿಸಲು ಪರಿಚಿತ ಹೆಸರೊಂದು ಬೇಕಾಯಿತೆಂದು ನನ್ನ ಅಂದಾಜು. 1993–94ರಲ್ಲಿ ಯೋಸ್ತಾ ಏಕ್‌ಮನ್ ಬೆಕ್ ಆಗಿ 6 ಚಿತ್ರಗಳು ಬಂದವು. ಇವು ಇನ್ನೂ ಪುಸ್ತಕಗಳನ್ನು ಹಿಡಿದು ನಡೆದವು. 1997ರಿಂದ ಪೀಟರ್ ಹಾಬರ್ ಬೆಕ್ ಆದ. ಆ ಮಾಲೆ 40 ಚಿತ್ರಗಳನ್ನೂ ದಾಟಿತು. ಕಥೆಗಳೆಲ್ಲ ಹೊಸವು, ಪುಸ್ತಕದಿಂದ ಬಂದವು ಪಾತ್ರಗಳು ಮಾತ್ರ. ಇಲ್ಲೊಂದು ಸ್ವಾರಸ್ಯವಿದೆ. ಈ ಮಾಲೆಯಲ್ಲಿ ಕೊರಳಿಗೆ ಪಟ್ಟಿ ಕಟ್ಟಿಕೊಂಡು ಬಾಲ್ಕನಿಯಿಂದ ಬೆಕ್‌ನೊಡನೆ ಹರಟುವ ನೆರೆಮನೆಯವನಿದ್ದಾನೆ, ಪುಸ್ತಕದಲ್ಲಿಲ್ಲದ ಪಾತ್ರ. ಅದನ್ನು ಮಾಡಿದವನು ಇಂಗ್ವಾರ್ ಹಿರ್ಡ್‌ವಾಲ್. 1976ರಲ್ಲಿ ಬಂದೂಕು ಹಿಡಿದು ಛಾವಣಿ ಹತ್ತಿದ್ದ ಮನುಷ್ಯನೂ ಅವನೇ! ಇಪ್ಪತ್ತು ವರ್ಷದಲ್ಲಿ ಆ ಸಿಟ್ಟು ಬಾಲ್ಕನಿಗಿಳಿದು ನಗೆಮಾತಾಯಿತು. ನೋಡಲು ಸೊಗಸಾಗಿದೆ, ನಾನೂ ನಗುತ್ತೇನೆ. ಆದರೆ ಅರ್ಜಿದಾರರ ಕಡತ ಎಲ್ಲಿ ಹೋಯಿತು?

ಅದನ್ನು ಮತ್ತೆ ತೆಗೆದವನು ಹೆನ್ನಿಂಗ್ ಮ್ಯಾಂಕೆಲ್. ಬದುಕಿನ ಎಷ್ಟೋ ವರ್ಷಗಳನ್ನು ಮೊಜಾಂಬಿಕಿನಲ್ಲಿ ಕಳೆದು ಅಲ್ಲಿ ನಾಟಕ ಆಡಿಸಿದ ಮನುಷ್ಯ. 1989ರಲ್ಲಿ ಊರಿಗೆ ಮರಳಿದಾಗ ಪರದೇಶದವರ ಮೇಲಿನ ದ್ವೇಷ ತನ್ನ ದೇಶದಲ್ಲಿ ಬೆಳೆದದ್ದನ್ನು ಕಂಡು ಕುರ್ಟ್ ವಲ್ಲಾಂಡರ್ ಎಂಬ ಪೋಲೀಸನನ್ನು ಸೃಷ್ಟಿಸಿದ. ಮೊದಲ ಕಾದಂಬರಿ ಬಂದದ್ದು 1991ರಲ್ಲಿ. ದಕ್ಷಿಣದ ಒಂದು ಹಳ್ಳಿಯಲ್ಲಿ ಮುದಿ ರೈತ ದಂಪತಿಗಳ ಮೇಲೆ ಘೋರ ಹಲ್ಲೆಯಾಗುತ್ತದೆ. ಸಾಯುವ ಮುನ್ನ ಮುದುಕಿ ಆಡಿದ ಮಾತು ‘ಪರದೇಶಿ’. ಅದು ಪತ್ರಿಕೆಗೆ ಸೋರಿ, ನಿರಾಶ್ರಿತರ ಶಿಬಿರಕ್ಕೆ ಬೆಂಕಿ ಬೀಳುತ್ತದೆ, ಒಬ್ಬ ಸೋಮಾಲಿಯಾದವನ ಪ್ರಾಣ ಹೋಗುತ್ತದೆ. (ಕೊನೆ ಹೇಳುವುದಿಲ್ಲ, ಓದಿಯೇ ತಿಳಿಯಬೇಕು.) ಅದೇ 1991ರ ಆಗಸ್ಟಿನಿಂದ ಕೆಲವೇ ತಿಂಗಳಲ್ಲಿ ಸ್ಟಾಕ್‌ಹೋಮ್ ಮತ್ತು ಉಪ್ಸಾಲಾಗಳಲ್ಲಿ ಒಬ್ಬ ಬಂದೂಕುಗಾರ 11 ಮಂದಿ ವಲಸಿಗರ ಮೇಲೆ ಗುಂಡು ಹಾರಿಸಿದ, ಒಬ್ಬ ಸತ್ತ. ಪರಭಾಷೆಯ ನಗರಗಳಲ್ಲಿ ಬಾಡಿಗೆ ಮನೆ ಹುಡುಕಿ ಬಾಳಿದ ನಮಗೆ ಈ ಒಂದು ಪದದ ಭಾರವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ವಲ್ಲಾಂಡರ್‌ನನ್ನು ಮೊದಲು ಪರದೆಗೆ ತಂದವನು ರಾಲ್ಫ್ ಲಾಸ್ಗೋರ್ಡ್. ಮ್ಯಾಂಕೆಲ್‌ನ ಪುಸ್ತಕಗಳನ್ನೇ ಆಧರಿಸಿದ 9 ಕಥೆಗಳು. ದಪ್ಪ ದೇಹ, ನಿದ್ದೆಗೆಟ್ಟ ಮುಖ. ಪುಸ್ತಕದ ಮನುಷ್ಯನೇ ಎದುರು ನಿಂತಂತೆ. 2005ರಿಂದ 2013ರವರೆಗೆ ಕ್ರಿಸ್ಟರ್ ಹೆನ್ರಿಕ್ಸನ್ 32 ಚಿತ್ರಗಳಲ್ಲಿ ಮಾಡಿದ. ಅವುಗಳಲ್ಲಿ ಪ್ರಕಟಿತ ಕಾದಂಬರಿಗಳಿಂದ ಬಂದವು 2 ಮಾತ್ರ. ಬ್ರಿಟನ್ನಿನ ಬಿ.ಬಿ.ಸಿ.ಯೂ 2008ರಿಂದ ಅದೇ ಊರಿಗೆ ಹೋಗಿ ಕೆನೆತ್ ಬ್ರಾನಾನಿಂದ ಮಾಡಿಸಿತು. ಬಯಲು, ಆಕಾಶ ಬಹಳ ಚೆನ್ನಾಗಿವೆ. ಹೆನ್ರಿಕ್ಸನ್‌ನ ಮಾಲೆಯಲ್ಲಿ ಮಗಳು ಲಿಂಡಾಳ ಪಾತ್ರ ಮಾಡಿದ್ದ ತರುಣಿ ನಟಿ 2007ರಲ್ಲಿ ತೀರಿಕೊಂಡಳು. ಲಿಂಡಾಳನ್ನು ನಾಯಕಿಯಾಗಿಸಿ ಇನ್ನಷ್ಟು ಕಾದಂಬರಿ ಬರೆಯುವ ಯೋಜನೆಯನ್ನು ಮ್ಯಾಂಕೆಲ್ ಅಲ್ಲಿಗೇ ಕೈಬಿಟ್ಟ. ಪರದೆ ಪುಸ್ತಕವನ್ನು ಬಿಟ್ಟದ್ದನ್ನು ಇಷ್ಟು ಹೊತ್ತು ಹೇಳಿದೆ. ಇಲ್ಲಿ ಪರದೆಯ ಸಾವು ಪುಸ್ತಕವನ್ನೇ ನಿಲ್ಲಿಸಿತು. ಮ್ಯಾಂಕೆಲ್ 2015ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ವಲ್ಲಾಂಡರ್‌ನ ಕೊನೆಯ ಕಥೆಯಲ್ಲಿ ಅವನ ನೆನಪುಗಳು ಒಂದೊಂದಾಗಿ ಅಳಿಸುತ್ತಾ ಹೋಗುತ್ತವೆ.

ಬೆಕ್‌ಗೆ ಮಾತ್ರ ನಿವೃತ್ತಿ ಸಿಗಲಿಲ್ಲ. 2020ರಲ್ಲಿ ಮಾಯ್ ಶೋವಾಲ್ ತೀರಿಕೊಂಡ ಮೇಲೂ ಅವನ ಹೊಸ ಚಿತ್ರಗಳು ಬಂದವು. 1965ರಲ್ಲೇ ನಲವತ್ತು ದಾಟಿದ್ದವನು, ಲೆಕ್ಕ ಹಾಕಿದರೆ ಈಗ ನೂರರ ಮೇಲಾಗಬೇಕು. ನಮ್ಮ ಆಡಳಿತ ವಿಭಾಗದವರ ಕೈಗೆ ಸಿಕ್ಕಿದ್ದರೆ ಜನ್ಮದಿನಾಂಕದ ದಾಖಲೆ ತೆಗೆಸುತ್ತಿದ್ದರು.