ಟೇಪಿನೊಳಗಿನ ‘ಗೊತ್ತಿಲ್ಲೆ’

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕೊರಗರ ಕೊಪ್ಪಗಳಿಗೆ ಹಿರಿಯರ ಮಾತು ರೆಕಾರ್ಡು ಮಾಡಲು ಹೋದರೆ ಮೊದಲು ಸಿಗುವ ಉತ್ತರ ‘ನಂಗೆಂತ ಗೊತ್ತಿಲ್ಲೆ ಅಯ್ಯಾ.’ ಟೇಪನ್ನು ಬರೆದಿಳಿಸುವಾಗ ಈ ಮಾತನ್ನು ಬಿಟ್ಟುಬಿಡುವುದೇ ರೂಢಿ. ಮಾಹಿತಿಯಲ್ಲವಲ್ಲ! ನಾವು ಹೇಳುವುದು, ಆ ಟೇಪಿನಲ್ಲಿ ಮೊದಲು ಕೇಳಬೇಕಾದ ಚರಿತ್ರೆ ಅದೇ.

ಕೊರಗರ ಬಗ್ಗೆ ಬರೆದವರು ಕಮ್ಮಿಯೇನಿಲ್ಲ. ಟಿಪ್ಪು ಬಿದ್ದ ಮೇಲೆ ಕಂಪನಿ ಸರ್ಕಾರ ಕಳಿಸಿದ ಬುಕಾನನ್ 1801ರಲ್ಲಿ ಕುಂದಾಪುರ, ಬೈಂದೂರಿನ ದಾರಿಯಲ್ಲೇ ಹಾದುಹೋದ. ಥರ್ಸ್ಟನ್ನನ ಜಾತಿ-ಬುಡಕಟ್ಟುಗಳ ಸಂಪುಟಗಳು ಬಂದದ್ದು 1909ರಲ್ಲಿ. ಹುಬಾಶಿಕನೆಂಬ ದೊರೆಯ ಕತೆ ಇಂಥ ಬರಹಗಳಲ್ಲಿದೆ: ಕೊರಗರು ಒಂದು ಕಾಲಕ್ಕೆ ಆಳಿದವರು, ಆಮೇಲೆ ಕಾಡಿಗೆ ಅಟ್ಟಿಸಿಕೊಂಡವರು. ಇನ್ನೊಂದು ಮಾತೂ ಇದೆ. ಇವರಿಗೆ ತಮ್ಮದೇ ಭಾಷೆಯುಂಟು, ಏನು ಮಾಡಿದರೂ ಹೊರಗಿನವರಿಗೆ ಬಿಟ್ಟುಕೊಡರು ಎಂದು. ಬರೆದವರಿಗೆ ಇದು ವಿಚಿತ್ರ ಸ್ವಭಾವವಾಗಿ ಕಂಡಿತು. ಉಗುಳು ನೆಲಕ್ಕೆ ಬೀಳಬಾರದೆಂದು ಕೊರಳಿಗೆ ಅಂಡೆ ಕಟ್ಟಿಸಿದ ಲೋಕಕ್ಕೆ ಆ ಕೊರಳಿನ ಮಾತನ್ನು ಯಾಕೆ ಕೊಡಬೇಕು?

1971ರಲ್ಲಿ ಡಿ. ಎನ್. ಶಂಕರ ಭಟ್ಟರ ಕೊರಗ ಭಾಷೆಯ ಅಧ್ಯಯನ ಪುಣೆಯ ಡೆಕ್ಕನ್ ಕಾಲೇಜಿನಿಂದ ಹೊರಬಂತು. ಬಚ್ಚಿಟ್ಟ ಮಾತಿಗೂ ವ್ಯಾಕರಣವಿತ್ತು.

ಅಜಲು ಪದ್ಧತಿಯನ್ನೇ ತೆಗೆದುಕೊಳ್ಳಿ. ರೋಗಿಯ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿದರೆ ರೋಗ ಅವರಿಗೆ ದಾಟುತ್ತದೆಂಬ ನಂಬಿಕೆ. ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮೊದಲು ಅವರನ್ನು ಓಡಿಸುವುದು. ಒಡೆಯರ ಜಗಲಿಯಲ್ಲಿ ಕೂತು ರೆಕಾರ್ಡು ಮಾಡಿದರೆ ಇದಕ್ಕೆ ‘ಕಟ್ಟಳೆ’ ಎಂದು ಹೆಸರು. ಅದೇ ಅಂಗಳದಲ್ಲಿ ನಿಂತ ಕೊರಗನನ್ನು ಕೇಳಿದರೆ ಅವನೂ ‘ಹೌದ್ ಒಡೆಯಾ’ ಅಂದಾನು. ಇಬ್ಬರೂ ಒಂದೇ ಹೇಳಿದರೆಂದು ಅದು ಸತ್ಯವಾಯಿತೆ?

ನ್ಯಾಯಶಾಸ್ತ್ರದವರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣ ಎಣಿಸುತ್ತಾರೆ. ನಂಬತಕ್ಕವನ, ಅಂದರೆ ಆಪ್ತನ, ಮಾತು ಶಬ್ದಪ್ರಮಾಣ. ವಾತ್ಸ್ಯಾಯನನ ಭಾಷ್ಯ ಮ್ಲೇಚ್ಛನೂ ಆಪ್ತನಾಗಬಲ್ಲ ಎನ್ನುತ್ತದೆ, ಸುಳ್ಳಲ್ಲ. ಆದರೆ ಗ್ರಂಥದಲ್ಲಿದ್ದದ್ದು ಅಂಗಳಕ್ಕೆ ಇಳಿಯಲಿಲ್ಲ. ಕೂದಲು ಬೆರೆಸಿದ ಅನ್ನ ತಿಂದ ಅಜ್ಜಿಯ ಪ್ರತ್ಯಕ್ಷವನ್ನು ಯಾವ ಪಂಡಿತ ಪ್ರಮಾಣವೆಂದು ಬರೆದುಕೊಂಡ? ಕೊರಗರು ಸಂಘ ಕಟ್ಟಿ, ಬೀದಿಗಿಳಿದು, ತಾವೇ ಬಾಯಿಬಿಟ್ಟರು. 1994ರಲ್ಲಿ ಮೊಹಮ್ಮದ್ ಪೀರ್ ವರದಿ ಬಂತು. 2000ದ ಕಾಯ್ದೆ ಅಜಲನ್ನು ನಿಷೇಧಿಸಿತು. ಉಂಡವರು ಅವರೇ, ಉಂಡದ್ದು ಅದೇ. ‘ಕಟ್ಟಳೆ’ ಹೋಗಿ ‘ಅಪರಾಧ’ ಆಯಿತು.

ಕೇಳುವವನು ಬದಲಾದರೆ ಹಾಡೂ ಬದಲಾಗುತ್ತದೆ. ಬೆಳ್ತಂಗಡಿ ಕಡೆಯ ಮಾಚಾರು ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹಾಂಕೊ ತಂಡದ ಮುಂದೆ ಸಿರಿ ಪಾಡ್ದನವನ್ನು ದಿನಗಟ್ಟಲೆ ಹಾಡಿದರು. 1998ರಲ್ಲಿ ಅಚ್ಚಾದಾಗ 15,683 ಸಾಲು. ಅದೇ ನಾಯ್ಕರು ಕೋಟಿ ಚೆನ್ನಯರ ಕತೆಯನ್ನು ರೇಡಿಯೋಗೆ ಸುಮಾರು 20 ನಿಮಿಷದಲ್ಲಿ ಮುಗಿಸಿದ್ದರು. ಹಾಂಕೊ ತಂಡಕ್ಕೆ ಸುಮಾರು 15 ಗಂಟೆ ಹಾಡಿದರು. ರೇಡಿಯೋದವರ ಟೇಪು ಸುಳ್ಳೆ? ಅಲ್ಲ. ಅವರು ಕೊಟ್ಟ ಹೊತ್ತು ಅಷ್ಟು.

ಈಗ ಮೊಬೈಲು ಎಲ್ಲರ ಕೈಯಲ್ಲೂ ಇದೆ. ಹಳ್ಳಿಶಾಲೆಯ ಮೇಷ್ಟ್ರುಗಳೇ, ಓದುವ ಗೆಳೆಯರೇ, ರೆಕಾರ್ಡು ಮಾಡಿ. ಯಾರ ಅಂಗಳದಲ್ಲಿ ಮಾಡಿದಿರಿ, ಬೇಲಿಯಾಚೆ ಯಾರು ನಿಂತಿದ್ದರು, ನೀವು ಕೇಳಿದ ಪ್ರಶ್ನೆ ಏನು, ಇವನ್ನೂ ಜೊತೆಗೆ ಬರೆದಿಡಿ. ಸುಮ್ಮನಿದ್ದ ಹೊತ್ತನ್ನು ಕತ್ತರಿಸಬೇಡಿ. ಹೇಳಿದವರಿಗೇ ಮೊದಲು ಕೇಳಿಸಿ, ಬೇಡವೆಂದರೆ ಅಳಿಸಿ. ವಿದ್ವಾಂಸರ ಕಪಾಟಿನಲ್ಲಿರುವ ಹಳೇ ಕ್ಯಾಸೆಟ್ಟುಗಳ ಒಂದೊಂದು ಪ್ರತಿ ಕೊಪ್ಪಗಳಿಗೆ ವಾಪಸು ಬರಲಿ. ಇದು ಯಾರ ಅಜ್ಜನ ದನಿ ಎಂದು ಗುರುತು ಹಿಡಿಯುವವರು ಅಲ್ಲಿ ಇನ್ನೂ ಇದ್ದಾರೆ.